ನಾಲಿಗೆಯ ಮೇಲೆ ಕರಗಿದರೂ ಕಹಿಯಾಗದ ಮಾತ್ರೆ

ಮೆಡಿಕಲ್ ಶಾಪ್‌ನಲ್ಲಿ ಕೊಡುವ ಮಾತ್ರೆಗಳ ಸ್ಟ್ರಿಪ್ಪನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಲವದರಲ್ಲಿ ಔಷಧದ ಹೆಸರಿನ ಪಕ್ಕದಲ್ಲಿ ‘ಎಂ.ಡಿ.’ ಎಂದೋ ‘ಡಿ.ಟಿ.’ ಎಂದೋ ಎರಡು ಅಕ್ಷರಗಳಿರುತ್ತವೆ. ವಾಂತಿ ನಿಲ್ಲಲು ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆಯ ಮೇಲೆ ಹೆಚ್ಚಾಗಿ ‘ಎಂ.ಡಿ.’ ಕಾಣುತ್ತದೆ. ಮಕ್ಕಳ ಭೇದಿಗೆ ಕೊಡುವ ಜಿಂಕ್ ಮಾತ್ರೆ ‘ಡಿ.ಟಿ.’ ಜಾತಿಗೆ ಸೇರಿದ್ದು.

ಎಂ.ಡಿ. ಎಂದರೆ ಮೌತ್ ಡಿಸಾಲ್ವಿಂಗ್. ನಾಲಿಗೆಯ ಮೇಲೆ ಇಟ್ಟರೆ ನೀರಿಲ್ಲದೆಯೇ ಕರಗುವ ಮಾತ್ರೆ. ಡಿ.ಟಿ. ಎಂದರೆ ಡಿಸ್ಪರ್ಸಿಬಲ್ ಟ್ಯಾಬ್ಲೆಟ್. ಒಂದು ಚಮಚ ನೀರಿನಲ್ಲಿ ಹಾಕಿದರೆ ಬೇಗ ಹರಡಿಕೊಳ್ಳುವ ಮಾತ್ರೆ. ಎರಡನ್ನೂ ನುಂಗಲು ಕಷ್ಟಪಡುವವರಿಗಾಗಿ ಮಾಡಿದ್ದಾರೆ: ಚಿಕ್ಕ ಮಕ್ಕಳು, ವಯಸ್ಸಾದವರು, ಪಾರ್ಶ್ವವಾಯುವಿನಿಂದ ಗಂಟಲು ದುರ್ಬಲವಾದವರು, ನೀರು ಕುಡಿದರೂ ವಾಂತಿಯಾಗುವವರು, ಪ್ರಯಾಣದಲ್ಲಿರುವವರು. ಬಾಯಲ್ಲಿ ಕರಗುವ ಮಾತ್ರೆ ಸುಮಾರು 30 ಸೆಕೆಂಡಿನೊಳಗೆ ಒಡೆಯಬೇಕು, ಅದರ ತೂಕ 500 ಮಿಲಿಗ್ರಾಂ ಮೀರಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಸಲಹೆ ನೀಡಿದೆ. ಯುರೋಪಿನ ಔಷಧ ಸಂಹಿತೆ ಮೂರು ನಿಮಿಷದವರೆಗೆ ಅವಕಾಶ ಕೊಡುತ್ತದೆ.

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಸಾಮಾನ್ಯ ಮಾತ್ರೆ ನಾಲಿಗೆಯನ್ನು ಮುಟ್ಟಿದ ಕೂಡಲೇ ನೀರಿನ ಜೊತೆ ಒಳಗೆ ಹೋಗಿಬಿಡುತ್ತದೆ. ಆದರೆ ಇದು ನಾಲಿಗೆಯ ಮೇಲೆಯೇ ಒಡೆಯುತ್ತದೆ. ಹೆಚ್ಚಿನ ಔಷಧಗಳು ಕಹಿ. ಒಂಡಾನ್‌ಸೆಟ್ರಾನ್ ಕೂಡ ಬಹಳ ಕಹಿ. ಹಾಗಿದ್ದರೂ ಆ ಮಾತ್ರೆ ಬಾಯಲ್ಲಿ ಸಿಹಿಯಾಗಿ, ತಂಪಾಗಿ ಇರುತ್ತದೆ. ಕಹಿ ಎಲ್ಲಿ ಹೋಯಿತು? ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದರೆ ಈ ಪ್ರಶ್ನೆಯಲ್ಲಿ ರಸಾಯನಶಾಸ್ತ್ರ ಎಷ್ಟಿದೆಯೋ ಲೆಕ್ಕಶಾಸ್ತ್ರವೂ ಅಷ್ಟೇ ಇದೆ. ಆದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಾಲಿಗೆಗೆ ಕಹಿ ಬೇಗ ತಿಳಿಯುವುದು ಏಕೆ?

ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂಬ ಚಿತ್ರವನ್ನು ನಾವೆಲ್ಲ ಹಳೆಯ ಪುಸ್ತಕಗಳಲ್ಲಿ ನೋಡಿದ್ದೇವೆ. ಆ ನಕ್ಷೆ ಸರಿಯಲ್ಲ ಎಂದು ಈಗ ತಿಳಿದಿದೆ. ರುಚಿ ಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಗುರುತಿಸುತ್ತವೆ. ಆದ್ದರಿಂದ ಕಹಿ ಮಾತ್ರೆಯನ್ನು ನಾಲಿಗೆಯ ತುದಿಯಲ್ಲಿ ಇಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಹಿಯನ್ನು ಗುರುತಿಸುವ ಗ್ರಾಹಕಗಳ ಗುಂಪನ್ನು ವಿಜ್ಞಾನಿಗಳು 2000ರಲ್ಲಿ ಕಂಡುಹಿಡಿದರು. ಮನುಷ್ಯರಲ್ಲಿ ಇಂತಹ ಗ್ರಾಹಕಗಳು ಸುಮಾರು 25 ಬಗೆಯವಿವೆ. ಸಿಹಿಗೆ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕ ಸಾಕಾಗಿದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುವ ಅನೇಕ ವಿಷಗಳು ಕಹಿ. ಅವು ಒಂದೇ ಆಕಾರದವಲ್ಲ, ಬೇರೆ ಬೇರೆ ರಚನೆಯ ಅಣುಗಳು. ಅವುಗಳನ್ನು ಬಾಯಲ್ಲಿಯೇ ತಡೆಯಲು ದೇಹಕ್ಕೆ ಅಷ್ಟೊಂದು ಕಾವಲುಗಾರರು ಬೇಕಾದರು. ಮಗು ಕಹಿಯನ್ನು ಉಗುಳುವುದು ಹಟವಲ್ಲ. ಅದರ ದೇಹ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ.

ಕಷ್ಟವೆಂದರೆ ವಿಷವೂ ಔಷಧವೂ ಒಂದೇ ಮೂಲದಿಂದ ಬರುವುದುಂಟು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಸಿಂಕೋನಾ ಮರದ ತೊಗಟೆಯಲ್ಲಿದೆ. 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವೆಂಟು ಅದನ್ನು ಬೇರ್ಪಡಿಸಿದರು. ಇಂದಿಗೂ ಕಹಿಗೆ ಮಾದರಿ ಎಂದು ಪ್ರಯೋಗಾಲಯಗಳಲ್ಲಿ ಕ್ವಿನೈನನ್ನೇ ಬಳಸುತ್ತಾರೆ. ನಾಲಿಗೆಯ ಕಾವಲುಗಾರನಿಗೆ ಒಳ್ಳೆಯ ಅತಿಥಿ ಯಾರು, ಕಳ್ಳ ಯಾರು ಎಂದು ಗೊತ್ತಾಗುವುದಿಲ್ಲ. ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸುತ್ತಾನೆ.

ಒಂದು ಸಂಗತಿಯನ್ನು ನೆನಪಿಡಿ. ರುಚಿ ಮೊಗ್ಗಿಗೆ ತಲುಪುವುದು ಜೊಲ್ಲಿನಲ್ಲಿ ಕರಗಿದ ಅಣು ಮಾತ್ರ. ಕರಗದ ವಸ್ತುವಿಗೆ ರುಚಿಯಿಲ್ಲ. ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವು ಈ ಒಂದು ವಾಕ್ಯದ ಮೇಲೆ ನಿಂತಿವೆ.

ಹಳೆಯ ಹಕೀಮರ ಉಪಾಯ

ಕಹಿಯನ್ನು ಮುಚ್ಚುವ ಪ್ರಯತ್ನ ಇಂದಿನದಲ್ಲ. ಹತ್ತನೇ ಶತಮಾನದ ಆರಂಭದಲ್ಲಿ ಬಾಳಿದ ಪ್ರಸಿದ್ಧ ವೈದ್ಯ ಅಲ್-ರಾಝಿ, ಕೆಟ್ಟ ರುಚಿಯ ಗುಳಿಗೆಗಳಿಗೆ ಇಸಬಗೋಲಿನ ಲೋಳೆಯನ್ನು ಲೇಪಿಸುತ್ತಿದ್ದರು ಎಂದು ಔಷಧಶಾಸ್ತ್ರದ ಪಠ್ಯಪುಸ್ತಕಗಳು ಹೇಳುತ್ತವೆ. ಇಬ್ನ್ ಸೀನಾ ಗುಳಿಗೆಗಳಿಗೆ ಬೆಳ್ಳಿ, ಚಿನ್ನದ ತೆಳು ಹಾಳೆ ಸುತ್ತಿದರೆಂದೂ ಅವುಗಳಲ್ಲಿ ಬರುತ್ತದೆ. ಇಂಗ್ಲಿಷಿನ ‘ಸಿರಪ್’ ಎಂಬ ಪದವೂ ಅರಬ್ಬಿಯ ‘ಶರಾಬ್’ ಪದದಿಂದ ಬಂದದ್ದು. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಕುಡಿಯುವ ಪಾನೀಯ ಎಂದಷ್ಟೆ. ನಮ್ಮ ಮನೆಗಳ ಶರಬತ್ತು, ಆಸ್ಪತ್ರೆಯ ಸಿರಪ್ ಎರಡೂ ಒಂದೇ ಬೇರಿನ ಪದಗಳು.

ಇಸಬಗೋಲಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಹೊಟ್ಟು ನೀರನ್ನು ಹೀರಿ ಬೇಗ ಉಬ್ಬುತ್ತದೆ. ಆದ್ದರಿಂದ ಬೇಗ ಒಡೆಯುವ ಮಾತ್ರೆಗಳಲ್ಲಿ ಅದನ್ನು ಬಳಸಬಹುದೇ ಎಂದು ಭಾರತದ ಫಾರ್ಮಸಿ ಕಾಲೇಜುಗಳಲ್ಲಿ ಅನೇಕ ಸಂಶೋಧನೆಗಳು ನಡೆದಿವೆ. ಅಂದು ಕಹಿಯನ್ನು ಮುಚ್ಚಲು ಬಳಸಿದ ವಸ್ತುವನ್ನು ಇಂದು ಮಾತ್ರೆಯನ್ನು ಒಡೆಯಲು ಪರೀಕ್ಷಿಸುತ್ತಿದ್ದಾರೆ.

ಸಿಹಿ ಹಾಕಿದರೆ ಸಾಲದೇ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸಕ್ಕರೆ ಹಾಕಿ, ಹಣ್ಣಿನ ಪರಿಮಳ ಸೇರಿಸಿದರೆ ಮುಗಿಯಿತಲ್ಲ? ಸ್ವಲ್ಪ ಕಹಿಯ ಔಷಧಕ್ಕೆ ಅಷ್ಟು ಸಾಕು. ಹೆಚ್ಚು ಕಹಿಯ ಔಷಧಕ್ಕೆ ಸಾಲದು. ಹಾಗಲಕಾಯಿ ಪಲ್ಯಕ್ಕೆ ಎಷ್ಟೇ ಬೆಲ್ಲ ಹಾಕಿದರೂ ತಿಂದ ಮೇಲೆ ಕಹಿ ನಾಲಿಗೆಯಲ್ಲಿ ಉಳಿಯುತ್ತದೆ. ಸಿಹಿ ಬೇಗ ಬಂದು ಬೇಗ ಹೋಗುತ್ತದೆ, ಕಹಿ ನಿಧಾನವಾಗಿ ಬಂದು ನಿಲ್ಲುತ್ತದೆ.

ಇನ್ನೊಂದು ತೊಂದರೆ ಜಾಗದ್ದು. ಮಾತ್ರೆಯ ಒಟ್ಟು ತೂಕವೇ 500 ಮಿಲಿಗ್ರಾಂ ಒಳಗಿರಬೇಕಾದರೆ ಸಕ್ಕರೆಗೆ ಎಲ್ಲಿ ಜಾಗ? ಮಧುಮೇಹ ಇರುವವರಿಗೂ ಮಕ್ಕಳ ಹಲ್ಲಿಗೂ ಸಕ್ಕರೆ ಒಳ್ಳೆಯದಲ್ಲ. ಅದಕ್ಕಾಗಿ ಚಿಟಿಕೆಗಿಂತ ಕಡಿಮೆ ಹಾಕಿದರೂ ಸಾಕಾಗುವ ಕೃತಕ ಸಿಹಿಕಾರಕಗಳನ್ನು ಬಳಸುತ್ತಾರೆ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ, ಸುಕ್ರಲೋಸ್ ಸುಮಾರು 600 ಪಟ್ಟು. ಸುಕ್ರಲೋಸ್ ಸಿಹಿಯೆಂದು ತಿಳಿದದ್ದು 1976ರಲ್ಲಿ, ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಶಶಿಕಾಂತ ಫಡ್ನಿಸ್, ವಸ್ತುವನ್ನು ‘ಟೆಸ್ಟ್’ ಮಾಡು ಎಂದದ್ದನ್ನು ‘ಟೇಸ್ಟ್’ ಎಂದು ಕೇಳಿಸಿಕೊಂಡು ನಾಲಿಗೆಗೆ ಹಚ್ಚಿ ನೋಡಿದರು ಎಂಬ ಕಥೆ ಪ್ರಸಿದ್ಧ. ನಮ್ಮ ಪ್ರಯೋಗಾಲಯದಲ್ಲಿ ಯಾರೂ ಹಾಗೆ ಮಾಡಬಾರದು!

ಮಾತ್ರೆಯ ತಂಪು ಎಲ್ಲಿಂದ ಬರುತ್ತದೆ? ಅದು ಮ್ಯಾನಿಟಾಲ್ ಎಂಬ ವಸ್ತುವಿನ ಗುಣ. ಅದು ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಸಿಹಿಯೂ ಇದೆ. ಆದ್ದರಿಂದ ಇಂತಹ ಮಾತ್ರೆಗಳ ದೊಡ್ಡ ಪಾಲು ಮ್ಯಾನಿಟಾಲ್ ಆಗಿರುತ್ತದೆ.

ಗೋಡೆ ಬೀಳಬೇಕು, ಇಟ್ಟಿಗೆ ಒಡೆಯಬಾರದು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾತ್ರೆ 30 ಸೆಕೆಂಡಿನಲ್ಲಿ ಒಡೆಯಬೇಕು. ಆದರೆ ಔಷಧ ಜೊಲ್ಲಿನಲ್ಲಿ ಕರಗಬಾರದು. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಇಟ್ಟಿಗೆಯ ಗೋಡೆಯನ್ನು ಕಲ್ಪಿಸಿಕೊಳ್ಳಿ. ಇಟ್ಟಿಗೆಗಳ ನಡುವಿನ ಗಾರೆ ನೀರು ತಾಗಿದ ಕೂಡಲೇ ಕರಗಿದರೆ ಗೋಡೆ ಕುಸಿಯುತ್ತದೆ. ಆದರೆ ಪ್ರತಿಯೊಂದು ಇಟ್ಟಿಗೆಯೂ ಇಡಿಯಾಗಿ ಉಳಿಯುತ್ತದೆ. ಈ ಮಾತ್ರೆಯೂ ಹಾಗೆಯೇ. ಔಷಧವನ್ನು ಮೊದಲು ಅತಿ ಸಣ್ಣ ಕಣಗಳಾಗಿ ಮಾಡಿ, ಒಂದೊಂದು ಕಣವನ್ನೂ ಮುಚ್ಚುತ್ತಾರೆ. ಅದು ಇಟ್ಟಿಗೆ. ಆಮೇಲೆ ಮ್ಯಾನಿಟಾಲ್, ಸಿಹಿಕಾರಕ, ಪರಿಮಳ ಹಾಗೂ ನೀರು ತಾಗಿದರೆ ಉಬ್ಬಿ ಒಡೆಯುವ ವಸ್ತುವನ್ನು ಸೇರಿಸಿ ಒತ್ತುತ್ತಾರೆ. ಅದು ಗಾರೆ. ಕ್ರಾಸ್‌ಪೊವಿಡೋನ್, ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಮುಂತಾದವು ಹೀಗೆ ಒಡೆಯುವ ಕೆಲಸ ಮಾಡುತ್ತವೆ.

ಇಟ್ಟಿಗೆಯನ್ನು ಮುಚ್ಚುವ ವಿಧಾನಗಳು ಹಲವು. ಮುಖ್ಯವಾದ ಮೂರನ್ನು ನೋಡೋಣ.

ಮೊದಲನೆಯದು ಲೇಪನ. ನಮ್ಮ ಜೊಲ್ಲಿನ ಪಿಎಚ್ ಸುಮಾರು 6ರಿಂದ 7ರವರೆಗೆ, ಅಂದರೆ ತಟಸ್ಥಕ್ಕೆ ಹತ್ತಿರ. ಜಠರದಲ್ಲಿ ಬಲವಾದ ಆಮ್ಲವಿದೆ, ಖಾಲಿ ಹೊಟ್ಟೆಯಲ್ಲಿ ಪಿಎಚ್ 1ರಿಂದ 3ರ ಆಸುಪಾಸು. ಕೆಲವು ಪಾಲಿಮರ್‌ಗಳು ಪಿಎಚ್ 5ಕ್ಕಿಂತ ಕೆಳಗೆ ಮಾತ್ರ ಕರಗುತ್ತವೆ. ಯೂಡ್ರಜಿಟ್ ಇ ಎಂಬುದು ಇವುಗಳಲ್ಲಿ ಹೆಸರಾದದ್ದು. ಇದನ್ನು ಲೇಪಿಸಿದ ಕಣ ಬಾಯಲ್ಲಿ ಮುಚ್ಚಿಕೊಂಡಿರುತ್ತದೆ. ಹೊಟ್ಟೆಗೆ ಹೋದ ಮೇಲೆ ಬಾಗಿಲು ತೆರೆಯುತ್ತದೆ.

ಎರಡನೆಯದು ರೆಸಿನ್. ನೀರಿನ ಗಡಸುತನ ತೆಗೆಯಲು ಅಯಾನು ವಿನಿಮಯ ರೆಸಿನ್ ಬಳಸುವುದನ್ನು ವಿಜ್ಞಾನ ವಿಭಾಗದ ಗೆಳೆಯರು ಓದಿರುತ್ತಾರೆ. ಅದೇ ತತ್ವ ಇಲ್ಲಿಯೂ ಇದೆ. ಅನೇಕ ಕಹಿ ಔಷಧಗಳ ಅಣುಗಳಿಗೆ ಧನ ವಿದ್ಯುದಂಶ ಇರುತ್ತದೆ, ರೆಸಿನ್‌ಗೆ ಋಣ ವಿದ್ಯುದಂಶ. ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಜೊಲ್ಲಿನಲ್ಲಿ ಅವುಗಳನ್ನು ಬಿಡಿಸುವಷ್ಟು ಅಯಾನುಗಳಿರುವುದಿಲ್ಲ, ಅಲ್ಲಿರುವ ಸಮಯವೂ ಕಡಿಮೆ. ಜಠರದಲ್ಲಿ ಹೈಡ್ರೋಜನ್ ಅಯಾನುಗಳು ಬಹಳ. ಅವು ಔಷಧವನ್ನು ತಳ್ಳಿ ಅದರ ಜಾಗದಲ್ಲಿ ತಾವು ಕೂರುತ್ತವೆ. ಬಿಡುಗಡೆಯಾದ ಔಷಧ ರಕ್ತಕ್ಕೆ ಸೇರುತ್ತದೆ, ರೆಸಿನ್ ಮಲದ ಮೂಲಕ ಹೊರಗೆ ಹೋಗುತ್ತದೆ.

ಮೂರನೆಯದು ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದಿಂದ ತಯಾರಿಸುವ ಇದು ಬಳೆಯಂತಹ ಅಣು. ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ನಲ್ಲಿ 7 ಗ್ಲೂಕೋಸ್ ಘಟಕಗಳು ಸುತ್ತಲೂ ಕೂಡಿಕೊಂಡಿರುತ್ತವೆ. ಬಳೆಯ ಹೊರಭಾಗ ನೀರಿಗೆ ಸ್ನೇಹಿತ, ಒಳಭಾಗ ಎಣ್ಣೆಯ ಗುಣದ ಅಣುಗಳಿಗೆ ಸ್ನೇಹಿತ. ಔಷಧದ ಅಣು ಒಳಗೆ ಅಡಗಿ ಕೂರುತ್ತದೆ. ಕರಗಿದರೂ ಅದು ರುಚಿ ಗ್ರಾಹಕಕ್ಕೆ ಸುಲಭವಾಗಿ ಸಿಗುವುದಿಲ್ಲ. ನಾಲಿಗೆಗೆ ಕಾಣದಂತೆ ಕೊಡೆಯ ಕೆಳಗೆ ನಡೆದು ಹೋದಂತೆ.

ಪ್ರತಿ ವಿಧಾನಕ್ಕೂ ಮಿತಿಗಳಿವೆ. ಕಣಗಳು ದೊಡ್ಡದಾದರೆ ಬಾಯಲ್ಲಿ ಮರಳು ಸಿಕ್ಕಂತಾಗುತ್ತದೆ. ಮಾತ್ರೆ ಮಾಡುವಾಗ ಹೆಚ್ಚು ಒತ್ತಿದರೆ ಲೇಪನ ಬಿರುಕು ಬಿಡುತ್ತದೆ. ಕಡಿಮೆ ಒತ್ತಿದರೆ ಸ್ಟ್ರಿಪ್ಪಿನೊಳಗೇ ಪುಡಿಯಾಗುತ್ತದೆ. ಸೈಕ್ಲೋಡೆಕ್ಸ್‌ಟ್ರಿನ್ ಔಷಧಕ್ಕಿಂತ ಹೆಚ್ಚು ತೂಕ ಬೇಕಾಗುವುದರಿಂದ ಕಡಿಮೆ ಡೋಸಿನ ಔಷಧಗಳಿಗೆ ಮಾತ್ರ ಹೊಂದುತ್ತದೆ.

ಮುಚ್ಚಿದ ಬಾಗಿಲು ತೆರೆಯಲೂ ಬೇಕು

ಕಹಿಯನ್ನು ಮುಚ್ಚುವುದು ಅರ್ಧ ಕೆಲಸ. ಹೊಟ್ಟೆಯಲ್ಲಿ ಔಷಧ ಪೂರ್ತಿ ಬಿಡುಗಡೆಯಾಗಬೇಕು. ಇಲ್ಲವಾದರೆ ರುಚಿ ಚೆನ್ನಾಗಿರುತ್ತದೆ, ರೋಗ ಹಾಗೇ ಇರುತ್ತದೆ.

ಇದಕ್ಕೆ ಔಷಧ ಚರಿತ್ರೆಯಲ್ಲಿ ಒಂದು ಪಾಠವಿದೆ. ವಿಷಮಶೀತ ಜ್ವರಕ್ಕೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ತುಂಬಾ ಕಹಿ. ಮಕ್ಕಳಿಗಾಗಿ ಅದಕ್ಕೆ ಪಾಮಿಟಿಕ್ ಆಮ್ಲವನ್ನು ಜೋಡಿಸಿ ಕ್ಲೋರಾಂಫೆನಿಕಾಲ್ ಪಾಮಿಟೇಟ್ ಎಂಬ ದ್ರವ ಔಷಧ ಮಾಡಿದರು. ಅದು ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ಆದ್ದರಿಂದ ರುಚಿಯಿಲ್ಲ. ಕರುಳಿನಲ್ಲಿ ಕಿಣ್ವಗಳು ಆ ಜೋಡಣೆಯನ್ನು ಬಿಡಿಸಿ ಔಷಧವನ್ನು ಹೊರತರಬೇಕು. ಆದರೆ ಈ ವಸ್ತುವಿಗೆ ಒಂದಕ್ಕಿಂತ ಹೆಚ್ಚು ಸ್ಫಟಿಕ ರೂಪಗಳಿವೆ. 1960ರ ದಶಕದ ಅಧ್ಯಯನಗಳಿಂದ ತಿಳಿದದ್ದೇನೆಂದರೆ, ಬಿ ರೂಪದಲ್ಲಿ ಔಷಧ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ, ಎ ರೂಪದಲ್ಲಿ ಬಹಳ ಕಡಿಮೆ. ಬಾಟಲಿಯ ಮೇಲಿನ ಹೆಸರು ಒಂದೇ, ಮಿಲಿಗ್ರಾಂ ಒಂದೇ, ರುಚಿ ಒಂದೇ. ಮಗುವಿನ ರಕ್ತಕ್ಕೆ ತಲುಪಿದ ಔಷಧ ಮಾತ್ರ ಬೇರೆ ಬೇರೆ.

ಆದ್ದರಿಂದ ಇಂತಹ ಮಾತ್ರೆಗಳನ್ನು ಎರಡು ಕಡೆ ಪರೀಕ್ಷಿಸುತ್ತಾರೆ. ಜೊಲ್ಲಿನಂತಹ ಪಿಎಚ್ ಇರುವ ದ್ರವದಲ್ಲಿ ಮೊದಲ ಕೆಲವು ನಿಮಿಷ ಔಷಧ ಆದಷ್ಟು ಕಡಿಮೆ ಹೊರಬರಬೇಕು. ಜಠರದಂತಹ ಆಮ್ಲದಲ್ಲಿ ಬೇಗನೆ, ಪೂರ್ತಿಯಾಗಿ ಹೊರಬರಬೇಕು. ರುಚಿಯನ್ನು ನೋಡಲು ಅನುಮತಿ ಪಡೆದು ಆರೋಗ್ಯವಂತ ವಯಸ್ಕರಿಂದ ಬಾಯಲ್ಲಿಟ್ಟು ಉಗುಳಿಸಿ ಅಂಕ ಹಾಕಿಸುತ್ತಾರೆ. ಈಗ ಸಂವೇದಕಗಳನ್ನು ಜೋಡಿಸಿದ ‘ಎಲೆಕ್ಟ್ರಾನಿಕ್ ನಾಲಿಗೆ’ ಎಂಬ ಯಂತ್ರವೂ ಇದೆ. ಅದಕ್ಕೆ ಬೇಸರವಾಗುವುದಿಲ್ಲ, ವಿಷ ತಾಗುವುದಿಲ್ಲ.

ಒಂದು ಮಾತ್ರೆಯ ಬೆಲೆಯೋ, ಮುಗಿಸಿದ ಚಿಕಿತ್ಸೆಯ ಬೆಲೆಯೋ?

ಇಷ್ಟೆಲ್ಲ ಮಾಡಿದರೆ ಮಾತ್ರೆಯ ಬೆಲೆ ಏರುವುದಿಲ್ಲವೇ? ಏರುತ್ತದೆ. ಬಡವರಿಗೆ ರುಚಿ ಏಕೆ, ಔಷಧ ಸಿಕ್ಕರೆ ಸಾಕಲ್ಲ ಎಂದು ಕೇಳುವವರೂ ಇದ್ದಾರೆ. ಇದಕ್ಕೆ ಉತ್ತರ ನಮ್ಮ ಲೆಕ್ಕಶಾಸ್ತ್ರದಲ್ಲಿದೆ.

ಜಿಂಕ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಭೇದಿಯಾದ ಮಕ್ಕಳಿಗೆ ಓ.ಆರ್.ಎಸ್. ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ಹೇಳಿದವು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಮಗುವಿಗೆ 10 ಮಿಲಿಗ್ರಾಂ. ನಮ್ಮ ದೇಶದಲ್ಲಿ 14 ದಿನ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು ಓ.ಆರ್.ಎಸ್. ಪೊಟ್ಟಣದೊಂದಿಗೆ ಮನೆಗೆ ತಂದುಕೊಡುವುದು ಇದೇ ಕರಗುವ ಮಾತ್ರೆಯನ್ನು. ಜಿಂಕಿಗೆ ಬಾಯಿ ಒಗರಾಗುವ, ಲೋಹ ನೆಕ್ಕಿದಂತಹ ರುಚಿಯಿದೆ. ಭೇದಿ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಆಮೇಲೆ ಉಗುಳುವ ಮಗುವಿಗೆ ಇನ್ನೂ ಹತ್ತು ದಿನ ಮಾತ್ರೆ ಕುಡಿಸುವುದು ತಾಯಿಗೆ ಎಷ್ಟು ಕಷ್ಟವೆಂದು ಊಹಿಸಿ.

ಈಗ ಒಂದು ಲೆಕ್ಕ ಹಾಕೋಣ. ಇದರಲ್ಲಿರುವ ಬೆಲೆ ಮತ್ತು ಸಂಖ್ಯೆಗಳು ಅರ್ಥವಾಗಲೆಂದು ನಾನೇ ಹಾಕಿಕೊಂಡವು, ನಿಜವಾದ ಅಂಕಿ ಅಂಶಗಳಲ್ಲ. ರುಚಿ ಮುಚ್ಚದ ಮಾತ್ರೆಗೆ 2 ರೂ., 14 ಮಾತ್ರೆಗೆ 28 ರೂ. ನೂರು ಮಕ್ಕಳಿಗೆ 2,800 ರೂ. ಅವರಲ್ಲಿ 60 ಮಕ್ಕಳು ಮಾತ್ರ 14 ದಿನ ಮುಗಿಸಿದರೆ, ಮುಗಿಸಿದ ಒಂದು ಚಿಕಿತ್ಸೆಗೆ ಬಿದ್ದ ಖರ್ಚು 46 ರೂ. 67 ಪೈಸೆ. ರುಚಿ ಮುಚ್ಚಿದ ಮಾತ್ರೆಗೆ 2 ರೂ. 50 ಪೈಸೆ, 14 ಮಾತ್ರೆಗೆ 35 ರೂ. ನೂರು ಮಕ್ಕಳಿಗೆ 3,500 ರೂ. ಅವರಲ್ಲಿ 90 ಮಕ್ಕಳು ಮುಗಿಸಿದರೆ, ಮುಗಿಸಿದ ಒಂದು ಚಿಕಿತ್ಸೆಗೆ 38 ರೂ. 89 ಪೈಸೆ. ಕೊಳ್ಳುವಾಗ ಶೇ. 25ರಷ್ಟು ದುಬಾರಿಯಾದದ್ದು ಲೆಕ್ಕ ಮುಗಿದಾಗ ಅಗ್ಗವಾಯಿತು. ಎರಡೂ ಸರಿಸಮವಾಗಲು ಎಷ್ಟು ಮಕ್ಕಳು ಮುಗಿಸಬೇಕು? 75. ಅದಕ್ಕಿಂತ ಒಬ್ಬರು ಹೆಚ್ಚು ಮುಗಿಸಿದರೂ ರುಚಿಯ ಮಾತ್ರೆಯೇ ಲಾಭ.

ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ರುಚಿಯೊಂದೇ ಕಾರಣವಲ್ಲ ನಿಜ. ವಾಸಿಯಾಯಿತೆಂದು ಬಿಡುವವರಿದ್ದಾರೆ, ಮರೆಯುವವರಿದ್ದಾರೆ. ಆದರೆ ಇಲ್ಲಿ ಘಟಕ ಯಾವುದು ಎಂಬುದೇ ಮುಖ್ಯ. ಮಾತ್ರೆಯನ್ನು ಘಟಕವೆಂದು ಹಿಡಿದರೆ ಒಂದು ಉತ್ತರ, ಗುಣವಾದ ಮಗುವನ್ನು ಹಿಡಿದರೆ ಇನ್ನೊಂದು ಉತ್ತರ. ಉಗುಳಿದ ಮಾತ್ರೆಗೆ ಕೊಟ್ಟ ಹಣ ಪೂರ್ತಿ ನಷ್ಟ. ಕ್ಷಯ ಅಥವಾ ಸೋಂಕಿನ ಔಷಧವಾದರೆ ಅರ್ಧಕ್ಕೆ ನಿಲ್ಲಿಸಿದ್ದರಿಂದ ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುವ ಅಪಾಯವೂ ಇದೆ. ಆ ನಷ್ಟ ಯಾರ ಲೆಕ್ಕದ ಪುಸ್ತಕದಲ್ಲೂ ಬರೆಯಲ್ಪಡುವುದಿಲ್ಲ.

ನಿಜವಾಗಿ ನಡೆದ ಮೂರು ಉದಾಹರಣೆಗಳು

ಮಲೇರಿಯಾ: ಆರ್ಟಿಮೀಥರ್ ಮತ್ತು ಲ್ಯುಮೆಫಾಂಟ್ರಿನ್ ಸೇರಿದ ಮಾತ್ರೆ ಕಹಿ. ಆಫ್ರಿಕಾದಲ್ಲಿ ತಾಯಂದಿರು ಅದನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕುಡಿಸಬೇಕಾಗಿತ್ತು. ನೊವಾರ್ಟಿಸ್ ಕಂಪನಿ ಮತ್ತು ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಎಂಬ ಲಾಭರಹಿತ ಸಂಸ್ಥೆ ಸೇರಿ ಚೆರ್ರಿ ಹಣ್ಣಿನ ರುಚಿಯ, ನೀರಿನಲ್ಲಿ ಕರಗುವ ಮಾತ್ರೆ ಮಾಡಿ 2009ರಲ್ಲಿ ಬಿಡುಗಡೆ ಮಾಡಿದವು. ಯಾವ ರುಚಿ ಬೇಕೆಂದು ತೀರ್ಮಾನಿಸುವ ಮುನ್ನ ತಾಂಜಾನಿಯಾದ ಶಾಲಾ ಮಕ್ಕಳಿಗೇ ರುಚಿ ತೋರಿಸಿ ಕೇಳಿದ್ದರು. ಐದು ಆಫ್ರಿಕನ್ ದೇಶಗಳ 899 ಮಕ್ಕಳ ಅಧ್ಯಯನದಲ್ಲಿ ಹೊಸ ಮಾತ್ರೆಯೂ ಹಳೆಯ ಪುಡಿ ಮಾಡಿದ ಮಾತ್ರೆಯಷ್ಟೇ ಚೆನ್ನಾಗಿ, ಶೇ. 97ಕ್ಕಿಂತ ಹೆಚ್ಚು ಮಕ್ಕಳಲ್ಲಿ, ರೋಗ ಗುಣಪಡಿಸಿತು. ಅಂದರೆ ಬಾಗಿಲು ಮುಚ್ಚಿತ್ತು, ಹೊಟ್ಟೆಯಲ್ಲಿ ತೆರೆಯಿತು ಕೂಡ.

ಕ್ಷಯ: ಮಕ್ಕಳ ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧ ಬೇಕು. ಸರಿಯಾದ ಅಳತೆಯ ಮಾತ್ರೆಗಳು ಇಲ್ಲದಿದ್ದಾಗ ದೊಡ್ಡವರ ಕಹಿ ಮಾತ್ರೆಗಳನ್ನೇ ಮುರಿದು, ಅಂದಾಜಿನಲ್ಲಿ ಕೊಡುತ್ತಿದ್ದರು. 2015ರ ಡಿಸೆಂಬರ್‌ನಲ್ಲಿ ಟಿ.ಬಿ. ಅಲಯನ್ಸ್ ಸಂಸ್ಥೆ ಮತ್ತು ಪಾಲುದಾರರು ಹಣ್ಣಿನ ರುಚಿಯ ಕರಗುವ ಮಾತ್ರೆಯನ್ನು ಪ್ರಕಟಿಸಿದರು. ಒಂದೇ ಮಾತ್ರೆಯಲ್ಲಿ ರಿಫಾಂಪಿಸಿನ್ 75, ಐಸೊನಿಯಾಝಿಡ್ 50, ಪೈರಾಝಿನಮೈಡ್ 150 ಮಿಲಿಗ್ರಾಂ. ತಯಾರಿಸಿದ್ದು ನಮ್ಮ ದೇಶದ ಮ್ಯಾಕ್ಲಿಯೋಡ್ಸ್ ಕಂಪನಿ. ಮೊದಲು ದೇಶವ್ಯಾಪಿ ಬಳಸಿದ್ದು 2016ರಲ್ಲಿ ಕೀನ್ಯಾ.

ಎಚ್.ಐ.ವಿ.: ಮಕ್ಕಳಿಗೆ ಕೊಡುತ್ತಿದ್ದ ಲೊಪಿನಾವಿರ್-ರಿಟೊನಾವಿರ್ ದ್ರವ ಔಷಧ ಅತಿ ಕಹಿ, ಅದರಲ್ಲಿ ಶೇ. 42ರಷ್ಟು ಆಲ್ಕೋಹಾಲ್ ಇತ್ತು. ಆ ಔಷಧಗಳು ನೀರಿನಲ್ಲಿ ಕರಗದಿರುವುದೇ ಕಾರಣ. 2015ರಲ್ಲಿ ಸಿಪ್ಲಾ ಕಂಪನಿಯ ಸಣ್ಣ ಗುಂಡುಗಳ ರೂಪಕ್ಕೆ ಅಮೆರಿಕದ ತಾತ್ಕಾಲಿಕ ಅನುಮೋದನೆ ಸಿಕ್ಕಿತು. ಆಲ್ಕೋಹಾಲ್ ಹೋಯಿತು, ಕಹಿ ಪೂರ್ತಿ ಹೋಗಲಿಲ್ಲ. 2020ರಲ್ಲಿ ಬೇರೆ ಔಷಧವಾದ ಡೊಲುಟೆಗ್ರಾವಿರ್‌ನ 10 ಮಿಲಿಗ್ರಾಂ ಜೆನೆರಿಕ್ ಮಾತ್ರೆಗೆ ಅನುಮೋದನೆ ಬಂತು. ಅದು ಸ್ಟ್ರಾಬೆರಿ ರುಚಿಯ ಡಿಸ್ಪರ್ಸಿಬಲ್ ಮಾತ್ರೆ. ಸಿಪ್ಲಾವನ್ನು 1935ರಲ್ಲಿ ಬೊಂಬಾಯಿಯಲ್ಲಿ ಸ್ಥಾಪಿಸಿದವರು ಡಾ. ಖ್ವಾಜಾ ಅಬ್ದುಲ್ ಹಮೀದ್. ಅವರ ಮಗ ಯೂಸುಫ್ ಹಮೀದ್ 2001ರಲ್ಲಿ ಏಡ್ಸ್ ಔಷಧಗಳನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದದ್ದು ವ್ಯಾಪಾರದ ಇತಿಹಾಸದಲ್ಲಿಯೂ ಓದಬೇಕಾದ ಪಾಠ. ನಮ್ಮ ವಿಭಾಗದವರು ಇದನ್ನು ಗಮನಿಸಬೇಕು.

ರುಚಿ ಹೆಚ್ಚಾದರೂ ಅಪಾಯ

ಒಳ್ಳೆಯ ರುಚಿಗೆ ಇನ್ನೊಂದು ಮುಖವಿದೆ. ಅಮೆರಿಕದಲ್ಲಿ 1940ರ ದಶಕದಲ್ಲಿ ಮಕ್ಕಳಿಗಾಗಿ ಕಿತ್ತಳೆ ರುಚಿಯ ಆಸ್ಪಿರಿನ್ ಬಂತು. ಮಕ್ಕಳು ಅದನ್ನು ಮಿಠಾಯಿಯೆಂದು ತಿಂದು ವಿಷವೇರಿಸಿಕೊಂಡ ಪ್ರಕರಣಗಳು ಹೆಚ್ಚಾದವು. ಮಕ್ಕಳು ತೆರೆಯಲಾಗದ ಮುಚ್ಚಳಗಳನ್ನು ಕಡ್ಡಾಯಗೊಳಿಸುವ ಕಾನೂನು ಅಲ್ಲಿ 1970ರಲ್ಲಿ ಬಂತು. 1937ರಲ್ಲಿ ಅದೇ ದೇಶದಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ರಾಸ್ಪ್‌ಬೆರಿ ರುಚಿ ಸೇರಿಸಿ ಮಾರಿದ್ದರು. ಮಾರುವ ಮೊದಲು ಅದರ ರುಚಿ, ಬಣ್ಣ, ಪರಿಮಳವನ್ನು ನೋಡಿದ್ದರು. ವಿಷವೇ ಎಂದು ನೋಡಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು.

ಆದ್ದರಿಂದಲೇ ಕಹಿಯನ್ನು ಬೇಕೆಂದೇ ಸೇರಿಸುವುದೂ ಉಂಟು. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಬಂದ ಡೆನಟೋನಿಯಂ ಎಂಬುದು ತಿಳಿದಿರುವ ವಸ್ತುಗಳಲ್ಲಿ ಅತಿ ಕಹಿ ಎಂದು ಹೆಸರಾಗಿದೆ. ಮಕ್ಕಳು ಕುಡಿಯದಿರಲಿ ಎಂದು ವಿಷಕಾರಿ ದ್ರವಗಳಿಗೆ, ಉಗುರು ಕಚ್ಚುವುದನ್ನು ಬಿಡಿಸಲು ಉಗುರಿಗೆ ಹಚ್ಚುವ ದ್ರವಕ್ಕೆ ಅದನ್ನು ಬೆರೆಸುತ್ತಾರೆ. ಉತ್ತಮ ಮಾತ್ರೆ ಮಿಠಾಯಿಯಂತೆ ಇರಬೇಕಾಗಿಲ್ಲ. ಮಗು ಉಗುಳದಿದ್ದರೆ ಸಾಕು, ಇನ್ನೊಂದು ಕೇಳಬಾರದು.

ನಾವು ತಿಳಿದಿರಬೇಕಾದದ್ದು

ಮನೆಯಲ್ಲಿ ಔಷಧ ಕೊಡುವ ಕೆಲಸ ಹೆಚ್ಚಾಗಿ ಓದು ಬಲ್ಲ ಮಕ್ಕಳ ಪಾಲಿಗೆ, ಅಂದರೆ ನಮ್ಮ ಪಾಲಿಗೆ ಬರುತ್ತದೆ. ದಾದಿಯವರಿಗೆ ಸ್ಟ್ರಿಪ್ ಓದಿ ಹೇಳುವವರು ನಾವೇ. ಆದ್ದರಿಂದ ಇವಿಷ್ಟನ್ನು ನೆನಪಿಡೋಣ.

1. ಎಂ.ಡಿ. ಮಾತ್ರೆಗೆ ತೇವವೇ ಶತ್ರು. ಒಣಗಿದ ಕೈಯಿಂದ ತೆಗೆಯಿರಿ. ಕೆಲವು ಬಹಳ ಮೃದುವಾಗಿರುತ್ತವೆ. ಅವುಗಳನ್ನು ಹಿಂದಿನಿಂದ ಒತ್ತದೆ ಹಾಳೆ ಸುಲಿದು ತೆಗೆಯಿರಿ. ತೆಗೆದ ಕೂಡಲೇ ನಾಲಿಗೆಯ ಮೇಲಿಡಿ, ಮರುದಿನಕ್ಕೆಂದು ಬಿಚ್ಚಿಡಬೇಡಿ. ಅಗಿಯಬೇಡಿ, ಅಗಿದರೆ ಲೇಪನ ಒಡೆದು ಕಹಿ ಹೊರಬರುತ್ತದೆ.

2. ಎಲ್ಲ ಮಾತ್ರೆಗಳೂ ಹೀಗಲ್ಲ. ಸಾಮಾನ್ಯ ಮಾತ್ರೆಯನ್ನು ಮಗುವಿಗೆಂದು ಪುಡಿ ಮಾಡುವ ಮೊದಲು ವೈದ್ಯರನ್ನು ಅಥವಾ ಫಾರ್ಮಸಿಸ್ಟರನ್ನು ಕೇಳಿ. ಕೆಲವು ಮಾತ್ರೆಗಳ ಲೇಪನ ರುಚಿಗಾಗಿ ಇರುವುದಿಲ್ಲ, ಔಷಧ ನಿಧಾನವಾಗಿ ಬಿಡುಗಡೆಯಾಗಲೆಂದು ಇರುತ್ತದೆ. ಅದನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಬಹುದು.

3. ನೀರಿಲ್ಲದೆ ಕರಗುತ್ತದೆ ಎಂದರೆ ಹೊಟ್ಟೆಗೆ ಹೋಗುವುದಿಲ್ಲ ಎಂದಲ್ಲ. ಜೊಲ್ಲಿನೊಂದಿಗೆ ನುಂಗಲ್ಪಟ್ಟು ಹೊಟ್ಟೆಗೇ ಹೋಗುತ್ತದೆ. ರಂಝಾನಿನಲ್ಲಿ ಔಷಧ ತೆಗೆದುಕೊಳ್ಳುವವರು ಸಹರಿ, ಇಫ್ತಾರಿನ ಸಮಯಕ್ಕೆ ಡೋಸ್ ಬದಲಿಸಬಹುದೇ ಎಂದು ಮೊದಲೇ ವೈದ್ಯರೊಂದಿಗೆ ಮಾತನಾಡಲಿ. ರೋಝಾದ ವಿಷಯವನ್ನು ಆಲಿಮರಲ್ಲಿ ಕೇಳಲಿ.

4. ಹೆಪ್ಪುಗಟ್ಟಿಸಿ ಒಣಗಿಸಿ ಮಾಡುವ ಹಗುರ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ. ಅದು ಪ್ರಾಣಿಯದ್ದೂ ಆಗಿರಬಹುದು, ಮೀನಿನದ್ದೂ ಆಗಿರಬಹುದು. ಒತ್ತಿ ಮಾಡುವ ಮಾತ್ರೆಗಳಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಸಂಶಯವಿದ್ದರೆ ಫಾರ್ಮಸಿಸ್ಟರನ್ನು ಕೇಳಿ, ಬದಲಿ ಮಾತ್ರೆ ಸಿಗಬಹುದು. ಕೇಳದೆ ಔಷಧವನ್ನೇ ಬಿಡುವುದು ಸರಿಯಲ್ಲ.

5. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಹಾನಿಕರ. ಲೇಬಲ್ಲಿನಲ್ಲಿ ಆ ಎಚ್ಚರಿಕೆ ಇದೆಯೇ ನೋಡಿ.

6. ರುಚಿಯಾದ ಮಾತ್ರೆಯನ್ನು ‘ಮಿಠಾಯಿ’ ಎಂದು ಹೇಳಿ ಮಗುವಿಗೆ ಕೊಡಬೇಡಿ. ‘ದವಾ’ ಎಂದೇ ಹೇಳಿ, ಕೈಗೆ ಸಿಗದಂತೆ ಎತ್ತಿಡಿ.

7. ಮಗುವಿಗೆ ಬರೆದುಕೊಟ್ಟ ಮಾತ್ರೆಗೆ ಡಿ.ಟಿ. ರೂಪ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಅನೇಕ ಔಷಧಗಳಿಗೆ ಇದೆ. ಕೇಳದಿದ್ದರೆ ಸಿಗುವುದಿಲ್ಲ.

ಮುಂದಿನ ಸಲ ಮನೆಯಲ್ಲಿ ಯಾರಾದರೂ ಔಷಧದ ಸ್ಟ್ರಿಪ್ ತಂದಾಗ ಹೆಸರಿನ ಪಕ್ಕದ ಆ ಎರಡು ಅಕ್ಷರಗಳನ್ನು ನೋಡಿ, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮನೆಯವರಿಗೆ ವಿವರಿಸಿ. ವಿಜ್ಞಾನ ವಿಭಾಗದವರು ರಸಾಯನವನ್ನು ಹೇಳಲಿ. ಹದಿನಾಲ್ಕನೆಯ ದಿನದ ಮಾತ್ರೆಯನ್ನು ಮಗು ತೆಗೆದುಕೊಂಡಿತೇ ಎಂದು ಲೆಕ್ಕ ಇಡುವ ಕೆಲಸವನ್ನು ನಮಗೆ ಬಿಡಲಿ.